ಖಿಲಾಫತ್ ನೆನಪುಂಟು, ಡಮಾಸ್ಕಸ್ ನೆನಪಿಲ್ಲ

ಗಾಂಧೀಜಿ ಮೊದಲ ಸಲ ಮಂಗಳೂರಿಗೆ ಬಂದದ್ದು 1920ರ ಆಗಸ್ಟ್ 19ರಂದು. ಅವರ ಜೊತೆಗಿದ್ದವರು ಮೌಲಾನಾ ಶೌಕತ್ ಅಲಿ. ಇಬ್ಬರೂ ಆ ದಿನಗಳಲ್ಲಿ ಊರೂರು ತಿರುಗಿ ಎರಡು ವಿಷಯ ಹೇಳುತ್ತಿದ್ದರು. ಒಂದು ಅಸಹಕಾರ, ಇನ್ನೊಂದು ಖಿಲಾಫತ್. ಮೊದಲ ಮಹಾಯುದ್ಧದಲ್ಲಿ ಸೋತ ತುರ್ಕಿಯ ಸುಲ್ತಾನರು ಸುನ್ನಿ ಮುಸ್ಲಿಮರ ಖಲೀಫರೂ ಆಗಿದ್ದರು. ಅವರ ರಾಜ್ಯವನ್ನು ಗೆದ್ದವರು ಹರಿದು ಹಂಚಿಕೊಳ್ಳುತ್ತಿದ್ದಾರೆ ಎಂಬ ನೋವು ಇಡೀ ಹಿಂದೂಸ್ತಾನದ ಮುಸ್ಲಿಮರನ್ನು ಸುಡುತ್ತಿತ್ತು. ಅವರು ಮಂಗಳೂರಿಗೆ ಬರುವ ಒಂಬತ್ತು ದಿನ ಮೊದಲಷ್ಟೇ, ತುರ್ಕಿಯನ್ನು ತುಂಡರಿಸುವ ಸೆವ್ರ್ ಒಪ್ಪಂದಕ್ಕೆ ಸಹಿ ಬಿದ್ದಿತ್ತು.

ಇನ್ನೂ ಸ್ವಲ್ಪ ಹಿಂದೆ ಹೋಗೋಣ. ಅದೇ ಜುಲೈ 24ರಂದು ಸಿರಿಯಾದ ಡಮಾಸ್ಕಸ್ ನಗರದ ಪಶ್ಚಿಮಕ್ಕೆ ಮೈಸಲೂನ್ ಎಂಬಲ್ಲಿ ಒಂದು ಯುದ್ಧ ನಡೆಯಿತು. ನಾಲ್ಕೂವರೆ ತಿಂಗಳ ಪ್ರಾಯದ ಅರಬ್ ರಾಜ್ಯವೊಂದು ಅಂದು ಫ್ರೆಂಚ್ ಫಿರಂಗಿಗಳ ಎದುರು ಉರುಳಿಬಿತ್ತು. ಮೈಸಲೂನ್‌ಗೂ ಮಂಗಳೂರಿನ ಭೇಟಿಗೂ ನಡುವೆ ಬರೀ 26 ದಿನ.

ಖಿಲಾಫತ್ ಚಳವಳಿಯ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತುಂಟು. ಹಿರಿಯರು ಹೇಳಿದ್ದಾರೆ, ವೇದಿಕೆಗಳಲ್ಲಿ ಕೇಳಿದ್ದೇವೆ. ಆದರೆ ಆ ಕಥೆಯಲ್ಲಿ ಅರಬರು ಬರುವುದು ಒಂದೇ ಒಂದು ಸಾಲಿನಲ್ಲಿ: ಬ್ರಿಟಿಷರ ಚಿನ್ನಕ್ಕೆ ಮರುಳಾಗಿ ಖಲೀಫರ ಬೆನ್ನಿಗೆ ಚೂರಿ ಹಾಕಿದವರು ಎಂದು. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದರ ಹಿಂದೆ ಅರುವತ್ತು ವರ್ಷಗಳ ಇನ್ನೊಂದು ಕಥೆ ಇದೆ. ಅದನ್ನು ನಾವು ಕೇಳಿಸಿಕೊಂಡದ್ದು ಕಡಿಮೆ. ಈ ವಾರ ಅದನ್ನೊಮ್ಮೆ ಕೇಳೋಣ.

ಶಾಲೆ, ಪತ್ರಿಕೆ, ನಿಘಂಟು

ಕಥೆ ಶುರುವಾಗುವುದು 1860ರಲ್ಲಿ. ಉಸ್ಮಾನಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಲೆಬನಾನ್ ಬೆಟ್ಟಸೀಮೆಯಲ್ಲಿ ದ್ರೂಸ್ ಮತ್ತು ಮಾರೊನೈಟ್ ಕ್ರೈಸ್ತರ ನಡುವೆ ರಕ್ತಪಾತ ನಡೆಯಿತು. ಜುಲೈಯಲ್ಲಿ ಆ ಬೆಂಕಿ ಡಮಾಸ್ಕಸ್‌ಗೂ ಹಬ್ಬಿತು. ನಗರದ ಕ್ರೈಸ್ತರ ಕೇರಿಗೆ ಬೆಂಕಿ ಬಿತ್ತು, ಸಾವಿರಾರು ಮಂದಿ ಸತ್ತರು. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ವರ್ಷಗಟ್ಟಲೆ ಹೋರಾಡಿ ಸೋತು, ಡಮಾಸ್ಕಸ್‌ನಲ್ಲಿ ನೆಲೆಸಿದ್ದ ಅಮೀರ್ ಅಬ್ದುಲ್ ಖಾದಿರ್ ಅಂದು ತಮ್ಮವರನ್ನು ಕಟ್ಟಿಕೊಂಡು ಬೀದಿಗಿಳಿದರು. ಸಾವಿರಾರು ಕ್ರೈಸ್ತರನ್ನು ತಮ್ಮ ಆಸರೆಗೆ ತಂದು ಉಳಿಸಿದರು. ಈ ಅಮೀರ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತದೆ.

ಆ ಗಲಭೆಯ ಬೂದಿ ಆರುವ ಮೊದಲೇ ಬೈರುತ್ ನಗರದಲ್ಲಿ ಬುತ್ರುಸ್ ಅಲ್ ಬುಸ್ತಾನಿ ಎಂಬ ವಿದ್ವಾಂಸರು ಕರಪತ್ರಗಳನ್ನು ಅಚ್ಚು ಹಾಕಿ ಹಂಚಿದರು. ಅವರು ಹುಟ್ಟಿನಿಂದ ಮಾರೊನೈಟ್, ಮತ್ತೆ ಪ್ರಾಟೆಸ್ಟೆಂಟ್ ಆದವರು. ಕರಪತ್ರದಲ್ಲಿ ಹೆಸರು ಹಾಕಲಿಲ್ಲ, ವತನನ್ನು ಪ್ರೀತಿಸುವವನು ಎಂದಷ್ಟೇ ಸಹಿ ಮಾಡಿದರು. ಅವರು ಹೇಳಿದ್ದರ ಸಾರ ಇಷ್ಟು: ನಾವು ಕುಡಿಯುವ ನೀರು ಒಂದು, ಆಡುವ ಭಾಷೆ ಒಂದು, ಹಾಗಿರುವಾಗ ಹೀಗೆ ಕೊಂದುಕೊಂಡರೆ ಉಳಿಯುವವರು ಯಾರು? 1863ರಲ್ಲಿ ಅವರೇ ಒಂದು ಶಾಲೆ ತೆರೆದರು. ಎಲ್ಲ ಮತದ ಮಕ್ಕಳಿಗೂ ಅಲ್ಲಿ ಪ್ರವೇಶ ಇತ್ತು. ಆಮೇಲೆ ಅರಬಿ ಭಾಷೆಗೆ ದೊಡ್ಡದೊಂದು ನಿಘಂಟು ಬರೆದರು, ವಿಶ್ವಕೋಶಕ್ಕೆ ಕೈ ಹಾಕಿದರು. 1870ರಲ್ಲಿ ಅವರು ಶುರು ಮಾಡಿದ ಪತ್ರಿಕೆಯ ಧ್ಯೇಯವಾಕ್ಯ ಏನು ಗೊತ್ತುಂಟಾ? ದೇಶಪ್ರೇಮ ಈಮಾನಿನ ಒಂದು ಭಾಗ ಎಂಬ ಹಳೆಯ ಅರಬಿ ಮಾತು. ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ನಮ್ಮಲ್ಲೂ ಕೇಳಿಬರುವ ಮಾತು ಅದು. ಅದು ಹದೀಸ್ ಅಲ್ಲ, ಬರೀ ಒಂದು ಗಾದೆ ಎಂದು ವಿದ್ವಾಂಸರು ತಿದ್ದುವುದುಂಟು. ಗಾದೆಯೇ ಇರಲಿ. ಬೈರುತ್‌ನ ಒಬ್ಬ ಕ್ರೈಸ್ತ ಅದನ್ನು ತನ್ನ ಪತ್ರಿಕೆಯ ಹಣೆಯ ಮೇಲೆ ಬರೆದುಕೊಂಡಿದ್ದರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಮುಸ್ಲಿಂ ವಿದ್ವಾಂಸರೂ ಸುಮ್ಮನೆ ಕೂತಿರಲಿಲ್ಲ. ಅಲೆಪ್ಪೊದ ಅಬ್ದುರ್ರಹ್ಮಾನ್ ಅಲ್ ಕವಾಕಿಬಿ ಸುಲ್ತಾನ್ ಅಬ್ದುಲ್ ಹಮೀದರ ಕಾಲದ ದಬ್ಬಾಳಿಕೆಯನ್ನು ನೇರವಾಗಿ ಪ್ರಶ್ನಿಸಿದರು. ಊರಲ್ಲಿ ಬದುಕಲು ಬಿಡದಾಗ ಕೈರೊಗೆ ಹೋದರು, 1902ರಲ್ಲಿ ಅಲ್ಲೇ ತೀರಿಕೊಂಡರು. ದಬ್ಬಾಳಿಕೆ ಇರುವಲ್ಲಿ ವಿದ್ಯೆಯೂ ಬೆಳೆಯುವುದಿಲ್ಲ, ದೀನೂ ನೆಟ್ಟಗಿರುವುದಿಲ್ಲ ಎಂಬುದು ಅವರ ವಾದ. ಖಿಲಾಫತ್ ಮಕ್ಕಾದಲ್ಲಿ, ಖುರೈಶ್ ವಂಶದ ಅರಬನೊಬ್ಬನ ಕೈಯಲ್ಲಿರಬೇಕು ಎಂದೂ ಅವರು ಬರೆದರು.

ಕೇಳಿದ್ದು ಬಹಳ ಸಣ್ಣದು

ಇಷ್ಟೆಲ್ಲ ಆದರೂ ಅರಬರಲ್ಲಿ ಹೆಚ್ಚಿನವರು ಖಲೀಫರ ನಿಷ್ಠಾವಂತ ಪ್ರಜೆಗಳಾಗಿಯೇ ಇದ್ದರು. 1900ರಲ್ಲಿ ಡಮಾಸ್ಕಸ್‌ನಿಂದ ಮದೀನಾಕ್ಕೆ ಹಿಜಾಝ್ ರೈಲು ಹಾಕುವ ಕೆಲಸ ಶುರುವಾಯಿತು. ಜಗತ್ತಿನ ಎಲ್ಲ ಕಡೆಯ ಮುಸ್ಲಿಮರು ಚಂದಾ ಕಳುಹಿಸಿದರು. ಹಿಂದೂಸ್ತಾನದ ದುಡ್ಡೂ ಆ ಹಳಿಗಳಲ್ಲಿ ಇತ್ತು. 1908ರಲ್ಲಿ ರೈಲು ಮದೀನಾ ಮುಟ್ಟಿತು.

ಅದೇ 1908ರಲ್ಲಿ ಯುವ ತುರ್ಕರ ಕ್ರಾಂತಿ ನಡೆದು ಸಂವಿಧಾನ ಮರಳಿ ಬಂತು. ಅರಬರೂ ತುರ್ಕರೂ ಬೀದಿಯಲ್ಲಿ ಅಪ್ಪಿಕೊಂಡು ಸಂಭ್ರಮಿಸಿದರು. ಆದರೆ ಹೊಸ ಆಡಳಿತಗಾರರು ಅಧಿಕಾರವನ್ನೆಲ್ಲ ಇಸ್ತಾಂಬುಲ್‌ಗೆ ಎಳೆದುಕೊಳ್ಳತೊಡಗಿದರು. ಆಡಳಿತಕ್ಕೆ, ಕೋರ್ಟಿಗೆ, ಸರಕಾರಿ ಶಾಲೆಗೆ ತುರ್ಕಿ ಭಾಷೆಯೇ ಬೇಕೆಂದರು. ಜಾಗದ ವ್ಯಾಜ್ಯಕ್ಕೆ ಕೋರ್ಟು ಹತ್ತಿದ ಅರಬ್ ರೈತನಿಗೆ ಅಲ್ಲಿ ನಡೆಯುವ ಮಾತೇ ಅರ್ಥವಾಗದಿದ್ದರೆ ಅವನ ಗತಿ ಏನು? ಕುರ್‌ಆನಿನ ಭಾಷೆ ಅದು ಇಳಿದುಬಂದ ನೆಲದಲ್ಲೇ ಎರಡನೇ ದರ್ಜೆಗೆ ಇಳಿಯಬೇಕೇ? ಅರಬ್ ಪತ್ರಿಕೆಗಳಲ್ಲಿ ಈ ಪ್ರಶ್ನೆಗಳು ಏಳತೊಡಗಿದವು.

1913ರ ಜೂನ್ 18ರಿಂದ 23ರ ವರೆಗೆ ಪ್ಯಾರಿಸ್‌ನಲ್ಲಿ ಮೊದಲ ಅರಬ್ ಕಾಂಗ್ರೆಸ್ ಸೇರಿತು. ಬಂದ ಪ್ರತಿನಿಧಿಗಳು ಇಪ್ಪತ್ತೈದರ ಆಸುಪಾಸು. ಮುಸ್ಲಿಮರೂ ಕ್ರೈಸ್ತರೂ ಹೆಚ್ಚುಕಡಿಮೆ ಸಮ ಸಮ. ಅಧ್ಯಕ್ಷತೆ ವಹಿಸಿದವರು ಹಿಮ್ಸ್ ನಗರದ ಧಾರ್ಮಿಕ ವಿದ್ವಾಂಸ, ಪತ್ರಕರ್ತ ಅಬ್ದುಲ್ ಹಮೀದ್ ಅಲ್ ಝಹ್ರಾವಿ. ಅವರು ಸ್ವಾತಂತ್ರ್ಯ ಕೇಳಲಿಲ್ಲ. ಸಾಮ್ರಾಜ್ಯದ ಒಳಗೇ ಇರುತ್ತೇವೆ, ಅರಬ್ ಪ್ರಾಂತಗಳಲ್ಲಿ ಅರಬಿ ಆಡಳಿತ ಭಾಷೆಯಾಗಲಿ, ಊರಿನ ಆಡಳಿತದಲ್ಲಿ ಊರಿನವರಿಗೆ ಪಾಲಿರಲಿ ಎಂದು ಕೇಳಿದರು. ಅಷ್ಟೇ.

ಸರಕಾರ ಅರ್ಧ ಒಪ್ಪಿತು. ಕಾಗದದ ಮೇಲೆ ಕೆಲವು ರಿಯಾಯಿತಿ ಕೊಟ್ಟಿತು. ಅಲ್ ಝಹ್ರಾವಿಯವರನ್ನು 1914ರಲ್ಲಿ ಉಸ್ಮಾನಿಯಾ ಸಂಸತ್ತಿನ ಮೇಲ್ಮನೆಗೆ ನೇಮಿಸಿತು. ಪ್ರತ್ಯೇಕತೆಯ ಯೋಚನೆ ಇದ್ದವರು ಆಗ ಬೆರಳೆಣಿಕೆಯ ಮಂದಿ. ಮಹಾಯುದ್ಧಕ್ಕೆ ಮೊದಲು ಅರಬ್ ರಾಷ್ಟ್ರೀಯತೆಯ ಪರ ಬಹಿರಂಗವಾಗಿ ನಿಂತ ಅಥವಾ ಅದರ ಸಂಘಗಳಲ್ಲಿದ್ದ 126 ಮಂದಿಯನ್ನು ಮಾತ್ರ ಇತಿಹಾಸಕಾರ ಅರ್ನೆಸ್ಟ್ ಡಾನ್ ಗುರುತಿಸಿದ್ದಾರೆ. ಯುದ್ಧ ಬಂದಾಗ ಲಕ್ಷಗಟ್ಟಲೆ ಅರಬರು ಖಲೀಫರ ಸೈನ್ಯದಲ್ಲೇ ಹೋರಾಡಿದರು. ಗಲ್ಲಿಪೊಲಿಯಲ್ಲಿ ಮುಸ್ತಫಾ ಕಮಾಲ್ ಕೈಕೆಳಗಿದ್ದ ಮೂರು ರೆಜಿಮೆಂಟುಗಳಲ್ಲಿ ಎರಡರ ತುಂಬ ಇದ್ದದ್ದು ಹೆಚ್ಚಾಗಿ ಅರಬ್ ಸಿಪಾಯಿಗಳೇ.

ಮೇ 6ರ ಬೆಳಗ್ಗೆ

ಹಾಗಿದ್ದ ಮೇಲೆ ಬಂಡಾಯ ಎಲ್ಲಿಂದ ಬಂತು?

ಯುದ್ಧಕಾಲದಲ್ಲಿ ಸಿರಿಯಾದ ಅಧಿಕಾರವೆಲ್ಲ ಜಮಾಲ್ ಪಾಶಾ ಎಂಬ ಸೇನಾಪತಿಯ ಕೈಗೆ ಬಂತು. 1915ರಲ್ಲಿ ಮಿಡತೆಗಳ ಹಿಂಡು ಬಂದು ಬೆಳೆ ತಿಂದಿತು. ಸಮುದ್ರದಲ್ಲಿ ಮಿತ್ರರಾಷ್ಟ್ರಗಳ ಹಡಗುಗಳ ದಿಗ್ಬಂಧನ, ನೆಲದಲ್ಲಿ ಸೈನ್ಯಕ್ಕೆಂದು ದವಸದ ವಸೂಲಿ. ಲೆಬನಾನ್ ಬೆಟ್ಟಸೀಮೆಯಲ್ಲಿ ಮೂವರಲ್ಲಿ ಒಬ್ಬರು ಹಸಿವು ಮತ್ತು ರೋಗಕ್ಕೆ ಸತ್ತರೆಂದು ಅಂದಾಜು.

ಅದರ ನಡುವೆ ಇನ್ನೊಂದು ಅನಾಹುತ ಆಯಿತು. ಬೈರುತ್‌ನ ಫ್ರೆಂಚ್ ಕಾನ್ಸಲ್ ಆಗಿದ್ದ ಫ್ರಾನ್ಸ್ವಾ ಜಾರ್ಜ್ ಪಿಕೊ ಯುದ್ಧ ಶುರುವಾದಾಗ ಊರು ಬಿಟ್ಟು ಹೋಗಿದ್ದರು. ಅರಬ್ ಮುಖಂಡರು ಫ್ರೆಂಚರ ಜೊತೆ ನಡೆಸಿದ್ದ ವ್ಯವಹಾರದ ಕಾಗದಗಳನ್ನು ಸುಡದೆ ಕಚೇರಿಯಲ್ಲೇ ಬಿಟ್ಟಿದ್ದರು. ಅವು ಜಮಾಲ್ ಪಾಶಾ ಕೈಗೆ ಸಿಕ್ಕಿದವು. 1915ರ ಆಗಸ್ಟ್ 21ರಂದು ಬೈರುತ್‌ನಲ್ಲಿ 11 ಮಂದಿಯನ್ನು ನೇಣಿಗೆ ಹಾಕಲಾಯಿತು. 1916ರ ಮೇ 6ರಂದು ಇನ್ನೂ 21 ಮಂದಿ: ಬೈರುತ್‌ನಲ್ಲಿ 14, ಡಮಾಸ್ಕಸ್‌ನಲ್ಲಿ 7.

ಆ ಏಳು ಮಂದಿಯಲ್ಲಿ ಮೂವರ ಹೆಸರು ಇಲ್ಲಿ ಹೇಳಬೇಕು. ಒಬ್ಬರು ಅಬ್ದುಲ್ ಹಮೀದ್ ಅಲ್ ಝಹ್ರಾವಿ. ಎರಡು ವರ್ಷ ಹಿಂದೆ ಅದೇ ಸರಕಾರ ಮೇಲ್ಮನೆಯಲ್ಲಿ ಕೂರಿಸಿದ ವ್ಯಕ್ತಿ. ಇನ್ನೊಬ್ಬರು ಹಿಮ್ಸ್‌ನ ಯುವಕ ರಫೀಖ್ ರಿಝ್ಖ್ ಸಲ್ಲೂಮ್, ಕ್ರೈಸ್ತ. ಮೂರನೆಯವರು ಅಮೀರ್ ಉಮರ್ ಅಲ್ ಜಝಾಇರಿ. 1860ರಲ್ಲಿ ಕ್ರೈಸ್ತರನ್ನು ಉಳಿಸಿದ ಅಮೀರ್ ಅಬ್ದುಲ್ ಖಾದಿರ್ ಅವರ ಮಗ. ತಂದೆ ಯಾವ ನಗರದಲ್ಲಿ ಕ್ರೈಸ್ತರ ಜೀವ ಉಳಿಸಿದರೋ ಅದೇ ನಗರದಲ್ಲಿ ಮಗ ಒಬ್ಬ ಕ್ರೈಸ್ತ ಯುವಕನ ಜೊತೆ ಒಂದೇ ದಿನ ನೇಣಿಗೇರಿದರು.

ಮಕ್ಕಾದ ಶರೀಫ್ ಹುಸೈನರ ಮಗ ಫೈಸಲ್ ಆಗ ಡಮಾಸ್ಕಸ್‌ನಲ್ಲೇ ಇದ್ದರು. ಇವರ ಪ್ರಾಣ ಉಳಿಸಿ ಎಂದು ಜಮಾಲ್ ಪಾಶಾನಲ್ಲಿ ಅಂಗಲಾಚಿದರು, ಫಲ ಸಿಗಲಿಲ್ಲ. ತಿಂಗಳು ಕಳೆಯುವುದರೊಳಗೆ, ಜೂನ್ 1916ರಲ್ಲಿ, ಶರೀಫ್ ಹುಸೈನರ ಬಂಡಾಯ ಶುರುವಾಯಿತು. ಬಂಡಾಯದ ಮಾತುಕತೆ ಮೊದಲೇ ನಡೆದಿತ್ತು ನಿಜ. ಆದರೆ ಅಲ್ಲಿಯ ತನಕ ಅತ್ತಿತ್ತ ನೋಡುತ್ತಿದ್ದ ಅನೇಕರ ಮನಸ್ಸು ಮುರಿದದ್ದು ಆ ನೇಣುಗಂಬಗಳ ಕೆಳಗೆ. ಲೆಬನಾನ್ ಮತ್ತು ಸಿರಿಯಾ ಮೇ 6ನ್ನು ಹುತಾತ್ಮರ ದಿನ ಎಂದು ಆಚರಿಸುತ್ತ ಬಂದದ್ದು ಇದೇ ಕಾರಣಕ್ಕೆ.

ಒಂದೇ ನೆಲ, ಮೂರು ಮಾತು

ಶರೀಫ್ ಹುಸೈನರಿಗೆ ಧೈರ್ಯ ಕೊಟ್ಟದ್ದು ಬ್ರಿಟಿಷರ ಪತ್ರಗಳು. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಹೈಕಮಿಷನರ್ ಹೆನ್ರಿ ಮ್ಯಾಕ್‌ಮಹೊನ್ 1915ರ ಅಕ್ಟೋಬರ್ 24ರ ಪತ್ರದಲ್ಲಿ ಅರಬರ ಸ್ವಾತಂತ್ರ್ಯವನ್ನು ಬೆಂಬಲಿಸುತ್ತೇವೆ ಎಂದು ಬರೆದುಕೊಟ್ಟರು. ಡಮಾಸ್ಕಸ್, ಹಿಮ್ಸ್, ಹಮಾ, ಅಲೆಪ್ಪೊಗಳ ಪಶ್ಚಿಮದ ಭಾಗಗಳನ್ನು ಮಾತ್ರ ಹೊರಗಿಟ್ಟರು. ಫೆಲೆಸ್ತೀನ್ ಒಳಗೋ ಹೊರಗೋ ಎಂಬ ಜಗಳ ಅಂದಿನಿಂದ ನಿಂತಿಲ್ಲ.

ಅದೇ ಹೊತ್ತಿಗೆ ಬೇರೆ ಕೋಣೆಯಲ್ಲಿ ಬೇರೆ ಮಾತು ನಡೆದಿತ್ತು. ಬ್ರಿಟನ್ನಿನ ಪರ ಮಾರ್ಕ್ ಸೈಕ್ಸ್, ಫ್ರಾನ್ಸ್ ಪರ ಪಿಕೊ. ಹೌದು, ಬೈರುತ್‌ನಲ್ಲಿ ಕಾಗದ ಬಿಟ್ಟುಹೋದ ಅದೇ ಪಿಕೊ. ಇಬ್ಬರೂ ಸೇರಿ ಅರಬ್ ನೆಲದ ಮೇಲೆ ಗೆರೆ ಎಳೆದು ಪಾಲು ಮಾಡಿದ ರಹಸ್ಯ ಒಪ್ಪಂದ ಅಂತಿಮವಾದದ್ದು 1916ರ ಮೇ 16ರಂದು. ಪಿಕೊ ಬಿಟ್ಟುಹೋದ ಕಾಗದಗಳ ಆಧಾರದಲ್ಲಿ ಅರಬರನ್ನು ನೇಣಿಗೆ ಹಾಕಿ ಆಗ ಹತ್ತೇ ದಿನ ಆಗಿತ್ತು. ಮರುವರ್ಷ ನವೆಂಬರ್ 2ರಂದು ಬಾಲ್ಫೋರ್ ಘೋಷಣೆ ಬಂತು. ಫೆಲೆಸ್ತೀನಿನಲ್ಲಿ ಯಹೂದಿಯರಿಗೆ ರಾಷ್ಟ್ರೀಯ ನೆಲೆ ಒದಗಿಸುವ ಮಾತು ಅದರಲ್ಲಿತ್ತು. ಅದೇ ತಿಂಗಳು ರಷ್ಯಾದಲ್ಲಿ ಅಧಿಕಾರಕ್ಕೆ ಬಂದ ಬೊಲ್ಶೆವಿಕರು ಸೈಕ್ಸ್-ಪಿಕೊ ಒಪ್ಪಂದವನ್ನು ಬಹಿರಂಗ ಮಾಡಿದರು. ಅಷ್ಟರಲ್ಲಿ ಅರಬರು ಅರ್ಧ ಯುದ್ಧ ಮುಗಿಸಿಯಾಗಿತ್ತು.

ಇಲ್ಲಿಂದ ಕಂಡದ್ದೇ ಬೇರೆ

ಹಿಂದೂಸ್ತಾನದ ಮುಸ್ಲಿಮರಿಗೆ ಇದರಲ್ಲಿ ಕಂಡದ್ದು ಶರೀಫ್ ಹುಸೈನರ ದ್ರೋಹ ಮಾತ್ರ. ಅದಕ್ಕೆ ಕಾರಣವೂ ಇತ್ತು. ನಮ್ಮ ಜನ ಚಂದಾ ಕೊಟ್ಟು ಹಾಕಿಸಿದ ಹಿಜಾಝ್ ರೈಲಿನ ಹಳಿಗಳನ್ನು ಬಂಡಾಯಗಾರರು ಬ್ರಿಟಿಷ್ ಮದ್ದಿನಿಂದ ಸಿಡಿಸುತ್ತಿದ್ದರು. ದೇವ್‌ಬಂದ್‌ನ ಹಿರಿಯ ಉಲಮಾ ಮೌಲಾನಾ ಮಹಮೂದ್ ಹಸನ್ ಆಗ ಹಿಜಾಝ್‌ನಲ್ಲಿದ್ದರು. ತುರ್ಕರ ವಿರುದ್ಧದ ಫತ್ವಾಕ್ಕೆ ಸಹಿ ಹಾಕಲು ಅವರು ಒಪ್ಪಲಿಲ್ಲ. ಶರೀಫರ ಆಡಳಿತ ಅವರನ್ನು ಹಿಡಿದು ಬ್ರಿಟಿಷರಿಗೆ ಒಪ್ಪಿಸಿತು. ಶಿಷ್ಯ ಹುಸೈನ್ ಅಹ್ಮದ್ ಮದನಿಯವರ ಜೊತೆ ಅವರನ್ನು ಮಾಲ್ಟಾ ದ್ವೀಪದ ಸೆರೆಗೆ ಕಳುಹಿಸಲಾಯಿತು. 1920ರ ಜೂನ್‌ನಲ್ಲಿ ಅವರು ಮುಂಬೈ ಬಂದರಿನಲ್ಲಿ ಇಳಿದಾಗ ಸ್ವಾಗತಿಸಲು ಖಿಲಾಫತ್ ನಾಯಕರು ಬಂದಿದ್ದರು. ಅಂಥ ಹೊತ್ತಿನಲ್ಲಿ ಅರಬರ ಅಹವಾಲು ಇಲ್ಲಿ ಯಾರ ಕಿವಿಗೆ ಬಿದ್ದೀತು?

ನಮ್ಮ ರಾಜ್ಯದ ಕುದುರೆಗಳ ಗೊರಸಿನ ಗುರುತೂ ಆ ನೆಲದಲ್ಲುಂಟು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರು ಜೋಧ್‌ಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಅಶ್ವದಳದವರು. ಅಕ್ಟೋಬರ್ 26ರಂದು ಅಲೆಪ್ಪೊದ ಹತ್ತಿರ ನಡೆದ ಕೊನೆಯ ಕಾಳಗದಲ್ಲೂ ಅವರೇ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅವರು ಗೆದ್ದುಕೊಟ್ಟ ನೆಲ ಯಾರ ಪಾಲಾಗುತ್ತದೆ ಎಂದು ಆ ಸಿಪಾಯಿಗಳನ್ನು ಕೇಳಿದವರಿಲ್ಲ, ಆ ನೆಲದವರನ್ನೂ ಕೇಳಿದವರಿಲ್ಲ.

ನಾಲ್ಕೂವರೆ ತಿಂಗಳ ರಾಜ್ಯ

1918ರ ಅಕ್ಟೋಬರ್‌ನಲ್ಲಿ ಫೈಸಲ್ ಡಮಾಸ್ಕಸ್ ಪ್ರವೇಶಿಸಿದರು. ಆ ಸರಕಾರದ ಕಾಲದಲ್ಲಿ ಆದ ಕೆಲಸ ನೋಡಿ. 1919ರಲ್ಲಿ ಅರಬಿ ಭಾಷೆಯ ಅಕಾಡಮಿ ಸ್ಥಾಪನೆಯಾಯಿತು. ವೈದ್ಯಕೀಯವನ್ನು ಅರಬಿಯಲ್ಲೇ ಕಲಿಸಲು ಶುರು ಮಾಡಿದರು, ಡಮಾಸ್ಕಸ್‌ನಲ್ಲಿ ಆ ಪದ್ಧತಿ ನಿಲ್ಲದೆ ನಡೆದುಬಂತು. ಅಕಾಡಮಿಯ ಮೊದಲ ಅಧ್ಯಕ್ಷ ಮುಹಮ್ಮದ್ ಕುರ್ದ್ ಅಲಿ ತಂದೆಯ ಕಡೆಯಿಂದ ಕುರ್ದ್. ಶಿಕ್ಷಣ ನೋಡಿಕೊಂಡ ಸಾತಿ ಅಲ್ ಹುಸ್ರಿ ತುರ್ಕಿ ಭಾಷೆಯಲ್ಲಿ ಬೆಳೆದವರು, ಅವರ ಅರಬಿಯಲ್ಲಿ ತುರ್ಕಿ ಧಾಟಿ ಕೊನೆ ತನಕ ಹೋಗಲಿಲ್ಲ. ಅರಬ ಎಂದರೆ ಅರಬಿ ಮಾತನ್ನು ತನ್ನದೆಂದುಕೊಂಡವನು, ರಕ್ತ ಕೇಳಬೇಡಿ ಎಂಬ ನಿಲುವು ಅದು. ನಮ್ಮ ಬ್ಯಾರಿ ಭಾಷೆಗೆ ಅಕಾಡಮಿ ಬೇಕೆಂದು ಓಡಾಡಿದವರಿಗೆ ಆ ಆಸೆ ಏನೆಂದು ಬೇರೆ ವಿವರಿಸಬೇಕಾಗಿಲ್ಲ.

ನಿಮಗೆ ಬೇಕಾದದ್ದೇನು ಎಂದು ಕೇಳಲು 1919ರಲ್ಲಿ ಅಮೆರಿಕದ ಕಿಂಗ್-ಕ್ರೇನ್ ಆಯೋಗ ಬಂತು. ಜನ 1,863 ಅರ್ಜಿ ಕೊಟ್ಟರು. ಬಹುಪಾಲು ಜನರ ಉತ್ತರ ಸ್ಪಷ್ಟವಾಗಿತ್ತು: ಸಿರಿಯಾ ಒಡೆಯಬೇಡಿ, ಸ್ವತಂತ್ರವಾಗಿರಲು ಬಿಡಿ. ಆಯೋಗದ ವರದಿ 1922ರ ತನಕ ಬೆಳಕು ಕಾಣಲಿಲ್ಲ. 1920ರ ಮಾರ್ಚ್ 8ರಂದು ಸಿರಿಯನ್ ಕಾಂಗ್ರೆಸ್ ತಾನೇ ಸ್ವಾತಂತ್ರ್ಯ ಘೋಷಿಸಿ ಫೈಸಲರನ್ನು ದೊರೆ ಮಾಡಿತು. ಏಪ್ರಿಲ್‌ನಲ್ಲಿ ಇಟಲಿಯ ಸ್ಯಾನ್ ರೆಮೊದಲ್ಲಿ ಕೂತ ದೊಡ್ಡವರು ಸಿರಿಯಾವನ್ನು ಫ್ರಾನ್ಸಿಗೆ, ಇರಾಕ್ ಮತ್ತು ಫೆಲೆಸ್ತೀನನ್ನು ಬ್ರಿಟನ್ನಿಗೆ ಬರೆದರು.

ಜುಲೈಯಲ್ಲಿ ಫ್ರೆಂಚ್ ಜನರಲ್ ಗುರೊ ಗಡುವು ಕೊಟ್ಟರು. ಫೈಸಲ್ ತಲೆಬಾಗಿದರೂ ಫ್ರೆಂಚ್ ಸೈನ್ಯ ನಿಲ್ಲಲಿಲ್ಲ. ಯುದ್ಧಮಂತ್ರಿ ಯೂಸುಫ್ ಅಲ್ ಅಝ್ಮ ಅಳಿದುಳಿದ ಸೈನಿಕರನ್ನೂ ಹಳೆ ಕೋವಿ ಹಿಡಿದ ಊರವರನ್ನೂ ಕರೆದುಕೊಂಡು ಮೈಸಲೂನ್‌ಗೆ ಹೋದರು. ಗೆಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಎದುರಿಲ್ಲದೆ ಡಮಾಸ್ಕಸ್ ಬಿತ್ತು ಎಂದು ನಾಳೆ ಯಾರೂ ಹೇಳಬಾರದು ಎಂಬುದಷ್ಟೇ ಅವರ ಹಠ. ಕೆಲವೇ ಗಂಟೆಗಳಲ್ಲಿ ಎಲ್ಲ ಮುಗಿಯಿತು, ಅಲ್ ಅಝ್ಮ ಅಲ್ಲೇ ಬಿದ್ದರು. ಎದುರಿಗಿದ್ದ ಫ್ರೆಂಚ್ ಸೈನ್ಯದಲ್ಲಿ ಮೊರಾಕೊ, ಅಲ್ಜೀರಿಯಾ, ಸೆನೆಗಲ್‌ನ ಸಿಪಾಯಿಗಳು ತುಂಬಿದ್ದರು. ಅವರಲ್ಲೂ ಹಲವರು ಮುಸ್ಲಿಮರೇ.

ಆ 26 ದಿನಗಳು

ಈಗ ಮಂಗಳೂರಿಗೆ ಮರಳೋಣ. ಖಲೀಫರಿಗೆ ಅನ್ಯಾಯ ಆಯಿತೆಂದು ಇಲ್ಲಿ ಮರುಗಿದವರ ನೋವು ನಿಜ. ಮೈಸಲೂನ್‌ನಲ್ಲಿ ಬಿದ್ದವರ ನೋವೂ ನಿಜ. ಇಬ್ಬರ ಪಾಲಿಗೂ ಕತ್ತರಿ ಹಿಡಿದ ಕೈ ಒಂದೇ ಆಗಿತ್ತು. ಆದರೆ ಇವರಿಗೆ ಅವರು ದ್ರೋಹಿಗಳಾಗಿ ಕಂಡರು, ಅವರಿಗೆ ಇವರು ಜಮಾಲ್ ಪಾಶಾನ ಕಡೆಯವರಾಗಿ ಕಂಡಿರಬೇಕು. ಕೊನೆಗೆ 1924ರ ಮಾರ್ಚ್ 3ರಂದು ಖಿಲಾಫತನ್ನು ರದ್ದು ಮಾಡಿದವರು ಅರಬರೂ ಅಲ್ಲ, ಬ್ರಿಟಿಷರೂ ಅಲ್ಲ, ತುರ್ಕಿಯದೇ ಸಂಸತ್ತು.

ಶರೀಫ್ ಹುಸೈನರನ್ನು ನಾವು ಇಲ್ಲಿ ಸಮರ್ಥಿಸುತ್ತಿಲ್ಲ. ಪರರ ಮಾತು ನಂಬಿ ಮನೆಯ ಬಾಗಿಲು ತೆರೆದದ್ದಕ್ಕೆ ಅವರೂ ಬೆಲೆ ತೆತ್ತರು, ಅರಬ್ ಜನತೆ ಇಂದಿಗೂ ತೆರುತ್ತಿದೆ. ಆದರೆ ಅವರ ಹೆಸರಿನ ಅಡಿಯಲ್ಲಿ ಬುಸ್ತಾನಿಯ ಶಾಲೆಯನ್ನೂ ಅಲ್ ಝಹ್ರಾವಿಯ ಬೇಡಿಕೆಯನ್ನೂ ಹೂತುಹಾಕಿದರೆ ಅದು ನ್ಯಾಯವಲ್ಲ. ಕೋರ್ಟಿನಲ್ಲಿ ನಮ್ಮ ಭಾಷೆ ಇರಲಿ ಎಂದು 1913ರಲ್ಲಿ ಕೇಳಿದವರನ್ನು 1916ರಲ್ಲಿ ನೇಣಿಗೆ ಹಾಕದಿದ್ದರೆ ಎಷ್ಟು ಮಂದಿ ಬಂಡಾಯದ ಕಡೆ ಹೋಗುತ್ತಿದ್ದರು? ಸಣ್ಣ ಬೇಡಿಕೆಗೆ ಕಿವಿಗೊಡದ ಯಾವ ಸರಕಾರಕ್ಕೂ ಅನ್ವಯಿಸುವ ಪ್ರಶ್ನೆ ಇದು.

ಮಾಲ್ಟಾದ ಸೆರೆಯಿಂದ ಬಂದ ಹುಸೈನ್ ಅಹ್ಮದ್ ಮದನಿ 1938ರಲ್ಲಿ ಒಂದು ಪುಸ್ತಕ ಬರೆದರು. ಒಂದು ನೆಲದಲ್ಲಿ ಬಾಳುವ ಬೇರೆ ಬೇರೆ ಧರ್ಮದವರು ಒಂದೇ ಕೌಮ್ ಎಂದು ಅದರಲ್ಲಿ ವಾದಿಸಿದರು. ಅರಬ್ ಬಂಡಾಯದಿಂದಾಗಿ ಸೆರೆ ಕಂಡ ಮೌಲಾನಾ, 1860ರ ಗಲಭೆಯ ಬೂದಿಯ ನಡುವೆ ನಿಂತು ಬೈರುತ್‌ನ ಕ್ರೈಸ್ತನೊಬ್ಬ ಹೇಳಿದ ಮಾತಿನ ಹತ್ತಿರವೇ ಬಂದು ನಿಂತಿದ್ದರು.

ನಮ್ಮ ಮನೆಯ ಮಕ್ಕಳು ಗಲ್ಫಿನಲ್ಲಿದ್ದಾರೆ. ಯುಎಇ, ಕುವೈತ್, ಜೋರ್ಡಾನ್, ಫೆಲೆಸ್ತೀನ್ ಧ್ವಜಗಳಲ್ಲಿ ಕಪ್ಪು, ಬಿಳಿ, ಹಸಿರು, ಕೆಂಪು ಬಣ್ಣ ನೋಡುತ್ತಾರೆ. ಅದು ಶರೀಫ್ ಹುಸೈನರ ಬಂಡಾಯದ ಧ್ವಜದಿಂದ ಬಂದ ಬಣ್ಣ. ಆ ಧ್ವಜಕ್ಕೆ ರೂಪ ಕೊಟ್ಟದ್ದು ಮಾರ್ಕ್ ಸೈಕ್ಸ್ ಎಂದು ಹೇಳುವವರಿದ್ದಾರೆ. ಅದಕ್ಕೂ ಮೊದಲೇ ಅರಬ್ ಯುವಕರ ಸಂಘಗಳು ಆ ಬಣ್ಣಗಳನ್ನು ಆರಿಸಿಕೊಂಡಿದ್ದವು ಎನ್ನುವವರೂ ಇದ್ದಾರೆ. ಮುಂದಿನ ಸಲ ಊರಿಗೆ ಬಂದ ಮಗ ಫೋನಿನಲ್ಲಿ ಆ ಧ್ವಜದ ಫೋಟೊ ತೋರಿಸಿದರೆ, ಮೇ 6ರ ಆ 21 ಮಂದಿಯ ಕಥೆಯನ್ನು ಅವನಿಗೊಮ್ಮೆ ಹೇಳಿ.